ಆರ್ಡರ್ ಇಲ್ಲದ ದಿನ

ದೊಡ್ಡ ಸಿಸ್ಟರ್ ಅವರ ಮೊಣಕಾಲಿನ ಕೆಳಗೆ ನರಗಳು ಹಸಿರು ಹಗ್ಗದಂತೆ ಗಂಟುಗಂಟಾಗಿ ಉಬ್ಬಿಕೊಂಡಿದ್ದವು. ಡ್ಯೂಟಿಗೆ ಬಂದ ಕೂಡಲೇ ಅವರು ಕಬ್ಬಿಣದ ಸ್ಟೂಲಿನ ಮೇಲೆ ಕುಳಿತು, ಸೀರೆಯನ್ನು ತುಸು ಮೇಲೆತ್ತಿ, ಪಾದದಿಂದ ಮೊಣಕಾಲಿನವರೆಗೆ ಕ್ರೇಪ್ ಬ್ಯಾಂಡೇಜು ಸುತ್ತಿಕೊಳ್ಳುತ್ತಿದ್ದರು. ಎರಡೂ ಕಾಲಿಗೆ. ಸುತ್ತುವಾಗ ಮುಖದಲ್ಲಿ ನೋವಾಗಲಿ ಬೇಸರವಾಗಲಿ ಕಾಣುತ್ತಿರಲಿಲ್ಲ. ಮುಗಿದ ಮೇಲೆ ಎದ್ದು ನಿಂತು, ನೆಲಕ್ಕೊಮ್ಮೆ ಕಾಲು ಬಡಿದು, "ಹೂಂ, ನಡೀರಿ" ಎನ್ನುತ್ತಿದ್ದರು. ಅದು ನಮಗೆ ಹೇಳಿದ್ದೋ ಕಾಲುಗಳಿಗೆ ಹೇಳಿದ್ದೋ ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ನಾನು ನರ್ಸಿಂಗ್ ಮುಗಿಸಿ ಮೊದಲು ಕೆಲಸಕ್ಕೆ ಸೇರಿದ್ದು ಬ್ಯಾಡಗಿಯ ಆಚೆಗಿನ ಒಂದು ಸರ್ಕಾರಿ ಆಸ್ಪತ್ರೆಗೆ. ಊರಿನ ಹೆಸರು ಬೇಡ. ಸಣ್ಣ ಆಸ್ಪತ್ರೆ, ಒಬ್ಬ ಲೇಡಿ ಡಾಕ್ಟರು, ಹೆರಿಗೆ ವಾರ್ಡಿಗೆ ಮೂವರು ನರ್ಸುಗಳು, ಒಬ್ಬ ಆಯಾ. ಆ ಮೂವರಲ್ಲಿ ಹಿರಿಯರು ದೊಡ್ಡ ಸಿಸ್ಟರ್. ರಾಣೆಬೆನ್ನೂರಿನಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಮದುವೆಯಾಗಿರಲಿಲ್ಲ. ತಮ್ಮನ ಸಂಸಾರದ ಜೊತೆ ಇದ್ದರು.

ನನ್ನನ್ನು ಅವರು ಮೊದಮೊದಲು "ಏ ಹುಡುಗಿ" ಎಂದೇ ಕರೆಯುತ್ತಿದ್ದರು. ಕೆಲಸ ಕಲಿಸಿದ್ದು ಬೈಗುಳದಲ್ಲಿ. ಆದರೆ ಹೆರಿಗೆ ಮೇಜಿನ ಮೇಲೆ ಮಲಗಿದ ಹೆಣ್ಣುಮಗಳಿಗೆ ಅವರು ಒಮ್ಮೆಯೂ ದನಿ ಎತ್ತಿದ್ದನ್ನು ನಾನು ಕೇಳಿಲ್ಲ. "ಅಳು, ಚೀರು, ಗಂಡಗ ಬೈ, ನನಗೂ ಬೈ. ಉಸರು ಮಾತ್ರ ಹಿಡೀಬ್ಯಾಡ ನಮ್ಮವ್ವಾ" ಎನ್ನುತ್ತಿದ್ದರು. ಕೆಲವರು ಖರೇನೇ ಬೈಯುತ್ತಿದ್ದರು. ಆಗ ದೊಡ್ಡ ಸಿಸ್ಟರ್, "ಇನ್ನೂ ಸ್ವಲ್ಪ ಜೋರ್ ಬೈಬೇಕಾತು" ಎಂದು ಅವರ ಬೆವರು ಒರೆಸುತ್ತಿದ್ದರು.

ಇನ್ನೊಂದು ರೂಢಿಯಿತ್ತು. ಕೂಸು ಹುಟ್ಟಿದ ಮೇಲೆ ಹೊರಗೆ ಬಂದು, ಬಾಗಿಲಲ್ಲಿ ಕಾಯುವ ಮನೆಯವರಿಗೆ "ತಾಯಿ ಅರಾಮ ಅದಾಳ" ಎಂದಷ್ಟೇ ಹೇಳಿ ನಿಲ್ಲುತ್ತಿದ್ದರು. ಯಾರಾದರೂ ಗಡಿಬಿಡಿಯಲ್ಲಿ "ಗಂಡೋ ಹೆಣ್ಣೋ" ಎಂದರೆ ಮತ್ತೆ ಅದನ್ನೇ ಹೇಳುವರು. ಮನೆಯವರು "ಹೌದಾ, ಚಲೋ ಆತ್ರಿ" ಎಂದ ಮೇಲೇ ಮುಂದಿನ ಮಾತು. ಇದಕ್ಕೆ ಎಷ್ಟೋ ಅಜ್ಜಿಯರು ಸಿಟ್ಟಾಗಿದ್ದುಂಟು.

ಅರವತ್ತು ತುಂಬಿ ಅವರು ನಿವೃತ್ತರಾದ ದಿನ ಶಾಲು, ಹಾರ, ಫಳಾರ ಎಲ್ಲ ಆಯಿತು. ಡಾಕ್ಟರಮ್ಮ ಎರಡು ಮಾತಾಡಿದರು. ದೊಡ್ಡ ಸಿಸ್ಟರ್ ಹಾರ ತೆಗೆದು ಕುರ್ಚಿಗೆ ಹಾಕಿ, "ಸಂಜೀ ಡ್ಯೂಟಿಗೆ ಯಾರ ಬರ್ತಾರ?" ಎಂದು ಕೇಳಿದರು. ಯಾರೂ ಬರುವವರಿರಲಿಲ್ಲ. ಅವರ ಜಾಗ ಖಾಲಿ ಬಿತ್ತು. ಮೂವರ ಕೆಲಸ ನಮ್ಮಿಬ್ಬರ ಮೇಲೆ ಬಂತು. ಸ್ವಲ್ಪ ದಿನಕ್ಕೆ ಇನ್ನೊಬ್ಬಾಕೆ ಹೆರಿಗೆ ರಜೆಗೆ ಹೋದರು. ಆಮೇಲೆ ನಾನು ನಿಂತೇ ನಿದ್ದೆ ಮಾಡುವುದನ್ನು ಕಲಿತೆ.

ಒಂದು ಬೆಳಿಗ್ಗೆ ನೋಡಿದರೆ ದೊಡ್ಡ ಸಿಸ್ಟರ್ ಅದೇ ಸ್ಟೂಲಿನ ಮೇಲೆ ಕುಳಿತು ಬ್ಯಾಂಡೇಜು ಸುತ್ತುತ್ತಿದ್ದಾರೆ! ನಿವೃತ್ತರಾದ ನರ್ಸುಗಳನ್ನು ಗುತ್ತಿಗೆಯ ಮೇಲೆ ತೆಗೆದುಕೊಳ್ಳಬಹುದೆಂದು ಮೇಲಿನಿಂದ ಒಪ್ಪಿಗೆ ಬಂದಿತ್ತು. ಬಿಳಿ ಸೀರೆ ಹೋಗಿ, ಗುತ್ತಿಗೆಯವರಿಗೆ ಕೊಡುವ ನೀಲಿ ಏಪ್ರನ್ ಬಂದಿತ್ತು.

"ಏನ್ ಸಿಸ್ಟರ್, ನಂದು ಇವತ್ತ ಯಾವ ಡ್ಯೂಟಿ ಹಾಕೀರಿ?" ಎಂದರು.

ಅವರ ಬಾಯಲ್ಲಿ ನನಗೆ ಮೊದಲ ಸಲ ಸಿಸ್ಟರ್ ಎಂಬ ಮಾತು ಬಂದಿತ್ತು. ನಾನು ಕಕ್ಕಾಬಿಕ್ಕಿಯಾಗಿ, "ಹಂಗ ಅನಬ್ಯಾಡ್ರಿ" ಎಂದೆ.

"ಮತ್ತ ಹೆಂಗ ಅನ್ಲಿ? ಈಗ ನೀವು ಇನ್‌ಚಾರ್ಜು. ನಾ ಬಾಡಿಗಿ ಮಂದಿ."

ಅದು ತಮಾಷೆಯ ಮಾತಾದರೂ ನಿಯಮವೂ ಹಾಗೇ ಇತ್ತು. ಮರಳಿ ಬಂದವರಿಗೆ ವಾರ್ಡಿನ ಚಾರ್ಜ್ ಕೊಡುವಂತಿಲ್ಲ, ಔಷಧ ಕಪಾಟಿನ ಕೀಲಿ ಕೊಡುವಂತಿಲ್ಲ, ಅವರಿಗೆ ರಜೆಯ ಹಕ್ಕಿಲ್ಲ. ಕೆಲಸವೂ ಆ ಜಾಗಕ್ಕೆ ಕಾಯಂ ನೇಮಕಾತಿ ಆಗುವವರೆಗೆ ಮಾತ್ರ. ಎರಡು ಹೆಜ್ಜೆ ಆಚೆಗಿನ ಕಪಾಟಿನಿಂದ ಇಂಜೆಕ್ಷನ್ ಬೇಕಾದರೂ ಅವರು ನನ್ನನ್ನು ಕರೆದು, ಬಾಗಿಲು ತೆಗೆಸಿ, ಪಕ್ಕದಲ್ಲಿ ನಿಲ್ಲುತ್ತಿದ್ದರು. ಆ ಕಪಾಟನ್ನು ಇಪ್ಪತ್ತು ವರ್ಷ ಅವರೇ ನೋಡಿಕೊಂಡಿದ್ದರು. ನಾನು ಒಮ್ಮೆ ಕೀಲಿಯನ್ನು ಅವರ ಕೈಗೆ ಕೊಡಹೋದೆ. ಅವರು ಕೈಗಳನ್ನು ಹಿಂದಕ್ಕೆ ಸರಿಸಿಕೊಂಡರು.

ಪಿಂಚಣಿ ಬರುತ್ತದೆ, ತಮ್ಮನ ಮನೆಯಿದೆ, ಈ ಕಾಲು ಕಟ್ಟಿಕೊಂಡು ಮತ್ತೇಕೆ ಬಂದರು? ಒಂದು ದಿನ ಊಟಕ್ಕೆ ಕುಳಿತಾಗ ಕೇಳಿಯೇಬಿಟ್ಟೆ. ಅವರು ರೊಟ್ಟಿಯನ್ನು ಶೇಂಗಾ ಚಟ್ನಿಯೊಂದಿಗೆ ಸುರುಳಿ ಸುತ್ತುತ್ತ ಹೇಳಿದರು:

"ಮನ್ಯಾಗ ಎಲ್ಲಾರೂ ಚಲೋ ಅದಾರ ತಂಗಿ. ಯಾರೂ ಒಂದ್ ಮಾತ ಅಂದಿಲ್ಲ. ಆದ್ರ ರಿಟೈರ್ ಆದ ಮರುದಿನ ಮುಂಜಾನೆ ತಮ್ಮನ ಹೆಂಡ್ತಿ ಒಂದ್ ಬುಟ್ಟಿ ಬಳ್ಳೊಳ್ಳಿ ತಂದು ನನ್ನ ಮುಂದ ಇಟ್ಲು. 'ಹೆಂಗೂ ಕುಂತೀರಲ್ಲ ಅಕ್ಕಾರ' ಅಂದ್ಲು. ತಪ್ಪೇನಿಲ್ಲ. ಬಿಡಿಸಿದೆ. ಮರುದಿನ ಮತ್ತ ಬುಟ್ಟಿ ಬಂತು."

ಆಮೇಲೆ ಸ್ವಲ್ಪ ಹೊತ್ತು ಅಗಿದು, "ಇಲ್ಲಿ ನಂಗ ಒಂದ್ ಹೆಸರೈತಿ" ಎಂದರು.

ಅವರು ಮರಳಿ ಬಂದದ್ದು ಎಲ್ಲರಿಗೂ ಸರಿ ಕಂಡಿರಲಿಲ್ಲ. ಮೇಡ್ಲೇರಿ ಕಡೆಯ ಒಬ್ಬ ಹುಡುಗಿ, ನರ್ಸಿಂಗ್ ಮುಗಿಸಿದವಳು, ಕೆಲಸವಿದೆಯೇ ಎಂದು ಕೇಳಲು ಆಗಾಗ ಬರುತ್ತಿದ್ದಳು. ಒಮ್ಮೆ ಆಫೀಸಿನ ಕ್ಲಾರ್ಕು, "ಆ ಜಾಗಾಕ್ಕ ರಿಟೈರ್ಡ್ ಸಿಸ್ಟರ್ ತಗೊಂಡೇವಿ" ಎಂದಾಗ ಅವಳಿಗೆ ತಡೆಯಲಾಗಲಿಲ್ಲ. "ಪಿಂಚಣಿ ತಗೊಳ್ಳೋರಿಗೇ ಮತ್ತ ಕೆಲಸಾ ಕೊಟ್ರ ನಮ್ಮಂಥಾರು ಎಲ್ಲಿ ಹೋಗ್ಬೇಕ್ರಿ?" ಎಂದು ಜೋರಾಗಿಯೇ ಕೇಳಿದಳು. ದೊಡ್ಡ ಸಿಸ್ಟರ್ ಅಲ್ಲೇ ಪಡಸಾಲೆಯಲ್ಲಿ ಟ್ರೇ ಹಿಡಿದು ನಿಂತಿದ್ದರು. ಹುಡುಗಿ ಹೋದ ಮೇಲೆ ನನಗೆ, "ಆಕಿ ಹೇಳೋದು ಖರೇ ಐತಿ." ಎಂದರು. ಟ್ರೇ ಹಿಡಿದು ವಾರ್ಡಿನೊಳಗೆ ನಡೆದರು.

ಗುತ್ತಿಗೆಗೆ ಒಂದು ಅವಧಿ ಇರುತ್ತಿತ್ತು. ಅವಧಿ ಮುಗಿದ ಮೇಲೆ ಹೊಸ ಆರ್ಡರ್ ಆಗಬೇಕು. ಆದರೆ ಹಳೆಯದಕ್ಕೂ ಹೊಸದಕ್ಕೂ ನಡುವೆ ಒಂದು ದಿನ ಖಾಲಿ ಬಿಡಬೇಕು. "ಬ್ರೇಕ್ ಹಾಕ್ಬೇಕ್ರಿ. ಇಲ್ಲಾಂದ್ರ ಒಂದೇ ಸಮನ ನೌಕರಿ ಮಾಡಿದಂಗ ಆಕ್ಕೈತಿ, ನಾಳೆ ಕಾಯಂ ಮಾಡ್ರಿ ಅಂತ ಕೇಳ್ತಾರ" ಎಂದು ಕ್ಲಾರ್ಕು ವಿವರಿಸಿದ್ದ. ಅರವತ್ತು ದಾಟಿದವರು ಕಾಯಂ ಮಾಡಿರೆಂದು ಹೇಗೆ ಕೇಳುತ್ತಾರೆ? ನಿಯಮ ಎಲ್ಲರಿಗೂ ಒಂದೇ ಎಂದ. ಆ ಒಂದು ದಿನ ದೊಡ್ಡ ಸಿಸ್ಟರ್ ನಮ್ಮ ಆಸ್ಪತ್ರೆಗೆ ಯಾರೂ ಅಲ್ಲ.

ಅಂಥ ಒಂದು ದಿನ ಹೊಸ ಕಾಗದಕ್ಕೆ ಸಹಿ ಮಾಡಲೆಂದು ಅವರು ಬಂದಿದ್ದರು. ಬ್ಯಾಡಗಿ ಮಾರ್ಕೆಟ್ಟಿನ ಭರಾಟೆಯ ಕಾಲ. ಊರ ಸುತ್ತ ಕಣಗಳಲ್ಲಿ ಮೆಣಸಿನಕಾಯಿ ಒಣ ಹಾಕಿದ್ದರು. ಗಾಳಿ ಬೀಸಿದರೆ ವಾರ್ಡಿನಲ್ಲಿ ಬಾಣಂತಿಯರೆಲ್ಲ ಒಟ್ಟಿಗೆ ಸೀನುತ್ತಿದ್ದರು. ಮಧ್ಯಾಹ್ನ ಡಾಕ್ಟರಮ್ಮ ರಕ್ತಸ್ರಾವದ ಒಬ್ಬ ಹೆಣ್ಣುಮಗಳನ್ನು ಆಂಬುಲೆನ್ಸಿನಲ್ಲಿ ಹಾವೇರಿಗೆ ಕರೆದುಕೊಂಡು ಹೋಗಿದ್ದರು. ವಾರ್ಡಿನಲ್ಲಿ ನಾನು ಮತ್ತು ಆಯಾ ಇಬ್ಬರೇ. ದೊಡ್ಡ ಸಿಸ್ಟರ್ ಆಫೀಸಿನ ಎದುರಿನ ಬೆಂಚಿನ ಮೇಲೆ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು.

ಆಗ ಒಂದು ಆಟೋ ಬಂತು. ಹತ್ತಿರದ ಹಳ್ಳಿಯ ಸೊಸೆ, ಎರಡನೆಯ ಹೆರಿಗೆ, ಜೊತೆಗೆ ಅತ್ತೆ. ಮೇಜಿನ ಮೇಲೆ ಮಲಗಿಸುವಷ್ಟರಲ್ಲಿ ಕೂಸಿನ ತಲೆ ಹೊರಗೆ ಬಂತು. ಬಂದ ತಲೆ ಅಲ್ಲೇ ನಿಂತಿತು. ಭುಜ ಒಳಗೆ ಸಿಕ್ಕಿಕೊಂಡಿತ್ತು. ಕೂಸಿನ ಮುಖ ಕೆಂಪಾಗಿ, ಮತ್ತೆ ನೀಲಿಯಾಗುತ್ತ ಬಂತು. ಏನು ಮಾಡಬೇಕೆಂದು ನಾನು ಓದಿದ್ದೆ. ಆದರೆ ಅದಕ್ಕೆ ಇನ್ನೊಬ್ಬ ಕಲಿತವರ ಕೈ ಬೇಕು. ಆಯಾ ಅದನ್ನು ಕಲಿತವಳಲ್ಲ. ನಾನು ಬಾಗಿಲ ಕಡೆ ಮುಖ ಮಾಡಿ, "ದೊಡ್ಡ ಸಿಸ್ಟರ್!" ಎಂದು ಕೂಗಿದೆ.

ಹೊರಗೆ ನಡೆದದ್ದನ್ನು ಆಮೇಲೆ ಕ್ಲಾರ್ಕೇ ಹೇಳಿದ. ಅವರು ಎದ್ದು ನಿಂತು ಅವನನ್ನು, "ಸಹಿ ಆತೇನಪಾ?" ಎಂದು ಕೇಳಿದರಂತೆ. "ಇಲ್ರಿ, ಮೇಡಂ ಹಾವೇರಿಗಿ ಹೋಗ್ಯಾರ. ಆರ್ಡರ್ ನಾಳಿಂದ. ಇವತ್ತ ನೀವು ಒಳಗ ಹೋಗಾಂಗಿಲ್ರಿ" ಎಂದನಂತೆ. ಅವರು ಕೈಚೀಲವನ್ನು ಅವನ ಮೇಜಿನ ಮೇಲಿಟ್ಟು, "ಇದನ್ನ ನೋಡ್ಕೋ" ಎಂದು ಒಳಗೆ ಬಂದರು.

"ತಲಿ ಎಳೀಬ್ಯಾಡ" ಎಂಬುದು ಅವರ ಮೊದಲ ಮಾತು. ಆ ಹೆಣ್ಣುಮಗಳ ಎರಡೂ ಮೊಣಕಾಲನ್ನು ಹೊಟ್ಟೆಗೆ ಒತ್ತಿ ಹಿಡಿಯಲು ಅತ್ತೆಗೆ ಮತ್ತು ಆಯಾಳಿಗೆ ಹೇಳಿದರು. ತಾವು ಮೇಜಿನ ಪಕ್ಕದ ಮರದ ಮೆಟ್ಟಿಲಿನ ಮೇಲೆ ಹತ್ತಿ ನಿಂತು, ಕಿಬ್ಬೊಟ್ಟೆಯ ಮೇಲೆ ಅಂಗೈ ಇಟ್ಟು ಒಂದು ಬದಿಗೆ ಒತ್ತತೊಡಗಿದರು. "ಈಗ. ಸಾವಕಾಶ. ನಮ್ಮವ್ವಾ, ಕೆಳಗ ಜೋರ್ ಕೊಟ್ಟು ಮುಕ್ಕು. ಹಾಂ, ಮುಕ್ಕು." ನನ್ನ ಕೈಯಲ್ಲಿ ಭುಜ ಜಾರಿದ್ದು ಗೊತ್ತಾಯಿತು. ಕೂಸು ಒಮ್ಮೆಲೇ ಹೊರಬಂತು. ಗಂಡುಕೂಸು, ದೊಡ್ಡದು, ಬಟ್ಟೆಯಂತೆ ಮೆತ್ತಗೆ. ಅವರು ಬೆನ್ನು ತಿಕ್ಕಿದರು, ನಾನು ಮುಖಕ್ಕೆ ಉಸಿರು ಕೊಡುವ ಗಾಳಿಚೀಲ ಹಿಡಿದು ಒತ್ತಿದೆ. ಕೊನೆಗೆ ಅದು ಬೆಕ್ಕಿನ ಮರಿಯಂತೆ ಒಮ್ಮೆ ಕೀರಿತು. ಆಮೇಲೆ ಅತ್ತಿತು.

ದೊಡ್ಡ ಸಿಸ್ಟರ್ ಗೋಡೆಗೆ ಆತು ನಿಂತರು. "ನೀರ ಕೊಡವಾ" ಎಂದರು. ಅವರು ಡ್ಯೂಟಿಯಲ್ಲಿ ಯಾರಿಂದಲೂ ತಮಗಾಗಿ ಏನನ್ನೂ ಕೇಳಿ ತೆಗೆದುಕೊಂಡವರಲ್ಲ.

ಸಂಜೆ ಕೂಸನ್ನು ಒರೆಸುವಾಗ ಕಂಡಿತು, ಎಡಗೈ ಆಡುತ್ತಿರಲಿಲ್ಲ. ಮಗ್ಗುಲಿಗೆ ಜೋತುಬಿದ್ದಿತ್ತು. ಮರಳಿ ಬಂದ ಡಾಕ್ಟರಮ್ಮ ನೋಡಿ, ಭುಜ ಸಿಕ್ಕಿಕೊಂಡಾಗ ಯಾರು ಹಿಡಿದರೂ ಕೆಲವು ಕೂಸುಗಳಿಗೆ ಹೀಗಾಗುತ್ತದೆ, ಬಹಳಷ್ಟಕ್ಕೆ ತಿಂಗಳುಗಳಲ್ಲಿ ಸರಿಹೋಗುತ್ತದೆ ಎಂದು ಮನೆಯವರಿಗೆ ತಿಳಿಸಿ ಹೇಳಿದರು. ಅತ್ತೆ ಕೇಳಲಿಲ್ಲ. ಆಫೀಸಿನ ಮುಂದೆ ನಡೆದ ಮಾತು ಅಷ್ಟರಲ್ಲಿ ಅವರ ಕಿವಿಗೆ ಬಿದ್ದಿತ್ತು. "ನೌಕರಿ ಇಲ್ಲದ ಮುದುಕಿ ಕೈ ಹಾಕಿ ನಮ್ಮ ಕೂಸಿನ ಕೈ ತಗದ್ಲು" ಎಂದು ಪಡಸಾಲೆಯಲ್ಲಿ ನಿಂತು ಕೂಗಿದರು. ದೂರು ಹಾವೇರಿಗೆ ಹೋಯಿತು. ಹೊಸ ಆರ್ಡರ್ ಸಹಿಯಾಗದೆ ಮೇಜಿನ ಮೇಲೇ ಉಳಿಯಿತು.

ವಿಚಾರಣೆಗೆ ಬಂದ ಅಧಿಕಾರಿ ಕೆಟ್ಟವರೇನಲ್ಲ. ದಣಿದ ಮನುಷ್ಯ. ಬೆಳಗಿನಿಂದ ಇನ್ನೆಲ್ಲೋ ಇಂಥದೇ ಕೆಲಸ ಮುಗಿಸಿ ಬಂದಿದ್ದರು. ಡಾಕ್ಟರಮ್ಮನ ಕೋಣೆಯಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡರು.

"ಆ ದಿನ ನಿಮಗ ಆರ್ಡರ್ ಇತ್ತೇನ್ರಿ?"

"ಇರ್ಲಿಲ್ರಿ" ಎಂದರು ದೊಡ್ಡ ಸಿಸ್ಟರ್.

"ಮತ್ತ ಒಳಗ ಯಾಕ ಹೋದ್ರಿ?"

"ತಲಿ ಹೊರಗ ಬಂದಿತ್ರಿ."

"ನಾ ಅದನ್ನ ಕೇಳ್ಲಿಲ್ಲ."

"ನನಗ ಬ್ಯಾರೆ ಉತ್ತರ ಗೊತ್ತಿಲ್ರಿ ಸಾಹೇಬ್ರ."

ನಾನು, "ನಾನ ಕರದೇನ್ರಿ. ಅವರು ಬರದಿದ್ರ ಕೂಸು ಉಳೀತಿರ್ಲಿಲ್ಲ" ಎಂದೆ. ದೊಡ್ಡ ಸಿಸ್ಟರ್ ನನ್ನ ಕಡೆ ಕೈ ತೋರಿಸಿ ಅಧಿಕಾರಿಗೆ, "ಆಕಿ ಕರದಿದ್ದು ಖರೇ. ಕರೀದಿದ್ರೂ ಹೋಗ್ತಿದ್ದೆ. ಆಕೀನ ಇದ್ರಾಗ ತರಬ್ಯಾಡ್ರಿ" ಎಂದರು.

ಅಧಿಕಾರಿ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಅಕ್ಕಾರ, ನನ್ನ ಮಗಳ ಹೆರಿಗಿ ಆಗಿದ್ರ ನಾನ ನಿಮ್ಮನ್ನ ಒಳಗ ದೂಡ್ತಿದ್ದೆ. ಆದ್ರ ಬರಿಯೋದನ್ನ ಹಂಗ ಬರಿಯಾಕ ಬರೂದಿಲ್ಲ" ಎಂದರು. ಚಹಾ ಬಂತು. ಮೂವರೂ ಕುಡಿದೆವು.

ಆ ಸೊಸೆಯ ತವರು ಕರ್ಜಗಿ. ಬಾಣಂತನಕ್ಕೆ ಅಲ್ಲಿಗೆ ಹೋಗಿದ್ದಳು. ಒಂದು ಭಾನುವಾರ ದೊಡ್ಡ ಸಿಸ್ಟರ್ ನನಗೆ ಫೋನ್ ಮಾಡಿ, "ಕರ್ಜಗಿಗೆ ಹೊಂಟೇನಿ, ಬರ್ತೀಯೇನ?" ಎಂದರು. ದೂರು ಕೊಟ್ಟವರ ಮನೆಗೆ ಹೋಗುವುದು ಸರಿಯಲ್ಲವೆಂದೆ. "ಕೂಸು ನೋಡಾಕೂ ಆರ್ಡರ್ ಬೇಕಾ?" ಎಂದರು. ಹಾವೇರಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದೆವು. ಬಸ್ಸಿನಲ್ಲಿ ಸೀಟು ಸಿಗಲಿಲ್ಲ.

ಬಾಣಂತಿ ನಮ್ಮನ್ನು ಕಂಡು ಗಾಬರಿಯಾದಳು. "ನಿಮ್ಮನ್ನ ಒಳಗ ಬಿಡಬಾರ್ದಂತ ಅತ್ತಿ ಹೇಳ್ಯಾರ್ರಿ" ಎಂದಳು, ಹೇಳುತ್ತಲೇ ಅತ್ತಳು. ಅವಳ ತಾಯಿ ಮಾತ್ರ ತಂಬಿಗೆಯಲ್ಲಿ ನೀರು ತಂದಿಟ್ಟು, "ಅತ್ತಿ ಮನಿ ಮಾತು ಅತ್ತಿ ಮನ್ಯಾಗ ಇರ್ಲಿ. ಒಳಗ ಬರ್ರಿ, ಕುಂದ್ರಿ" ಎಂದರು.

ಕೈಗೆ ಮಾಡಬೇಕಾದ ವ್ಯಾಯಾಮವನ್ನು ಹಾವೇರಿಯ ಡಾಕ್ಟರು ಹೇಳಿಕೊಟ್ಟಿದ್ದರು. ಆದರೆ ಕೂಸು ಅತ್ತೀತೆಂದು ಇವರು ಆ ಕೈಯನ್ನು ಮುಟ್ಟುವುದನ್ನೇ ಬಿಟ್ಟಿದ್ದರು. ದೊಡ್ಡ ಸಿಸ್ಟರ್ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಎಡಗೈಯನ್ನು ಮೆಲ್ಲಗೆ ಮೇಲೆತ್ತಿ, ಮಡಚಿ, ಬಿಚ್ಚಿ ತೋರಿಸಿದರು. ಆಮೇಲೆ ಬಾಣಂತಿಯ ಕೈಯನ್ನೇ ಹಿಡಿದು ಅವಳಿಂದ ಮಾಡಿಸಿದರು. "ಮೊಲಿ ಕುಡಿಸಿದಾಗೆಲ್ಲಾ ಮಾಡು. ಅತ್ರ ಅಳ್ಲಿ. ನಿಂದೇನ ತಪ್ಪಿಲ್ಲ, ಕೂಸಿಂದೂ ತಪ್ಪಿಲ್ಲ." ತಮ್ಮ ವಿಷಯ ಎತ್ತಲಿಲ್ಲ. ದೂರನ್ನು ವಾಪಸ್ ತೆಗೆದುಕೊಳ್ಳಿ ಎಂದು ಅವರು ಹೇಳಿಯಾರೆಂದು ನಾನು ಕಾಯುತ್ತಿದ್ದೆ. ಹೇಳಲಿಲ್ಲ. ಬಾಣಂತನ ಮುಗಿಯುವವರೆಗೂ ಅವರು ಕರ್ಜಗಿಗೆ ಹೋಗುತ್ತಲೇ ಇದ್ದರು. ನಾನು ಮತ್ತೆ ಹೋಗಲಿಲ್ಲ, ನನಗೆ ಡ್ಯೂಟಿಯಿಂದ ಪುರುಸೊತ್ತಿರಲಿಲ್ಲ.

ಕೂಸಿನ ಕೈ ಮೊದಲು ಬೆರಳಿನಿಂದ ಆಡಲು ಶುರುವಾಯಿತು. ಮುಂದೆ ಮೊಣಕೈ ಮಡಚಿತು. ಮಗ್ಗುಲು ಹೊರಳುವ ಹೊತ್ತಿಗೆ ಎರಡೂ ಕೈ ಒಂದೇ ಎನ್ನುವಷ್ಟಾಗಿತ್ತು. ಅತ್ತೆ ತಾವಾಗಿಯೇ ಬಂದು ಡಾಕ್ಟರಮ್ಮನ ಮುಂದೆ, ನಮ್ಮದೇನೂ ತಕರಾರಿಲ್ಲ ಎಂದು ಹೇಳಿ ಹೋದರು. ದೊಡ್ಡ ಸಿಸ್ಟರ್ ಎಲ್ಲಿ ಎಂದು ಅತ್ತೆ ಕೇಳಲಿಲ್ಲ. ಅವರು ಆಗ ಅಲ್ಲಿ ಇರಲೂ ಇಲ್ಲ.

ಕೈ ಸರಿಹೋಯಿತು, ವಿಚಾರಣೆಯ ಫೈಲು ಸರಿಹೋಗಲಿಲ್ಲ. ಅದು ಎಲ್ಲಿದೆ ಎಂದು ಕೇಳಿದಾಗೆಲ್ಲ ಕ್ಲಾರ್ಕು ಒಂದೊಂದು ಟೇಬಲ್ಲಿನ ಹೆಸರು ಹೇಳುತ್ತಿದ್ದ. ಅಷ್ಟರಲ್ಲಿ ಹೊಸ ಸುತ್ತೋಲೆ ಬಂತು. ಇಂತಿಷ್ಟು ವಯಸ್ಸು ದಾಟಿದ ನಿವೃತ್ತರನ್ನು ಮತ್ತೆ ತೆಗೆದುಕೊಳ್ಳುವಂತಿಲ್ಲ, ಅರ್ಹ ಹೊಸಬರು ಸಿಗುವಲ್ಲಿ ಅವರಿಗೇ ಮೊದಲು ಅವಕಾಶ. ಫೈಲು ಕಾಯುತ್ತ ಕುಳಿತಾಗಲೇ ದೊಡ್ಡ ಸಿಸ್ಟರ್ ಆ ವಯಸ್ಸು ದಾಟಿದ್ದರು. ಅವರನ್ನು ಯಾರೂ ತೆಗೆದುಹಾಕಲಿಲ್ಲ. ತೆಗೆದುಹಾಕಬೇಕಾದ ಅಗತ್ಯವೇ ಬೀಳಲಿಲ್ಲ. ಆ ಜಾಗಕ್ಕೆ ಮೇಡ್ಲೇರಿಯ ಹುಡುಗಿ ಬಂದಳು.

ನೀಲಿ ಏಪ್ರನ್ನನ್ನು ಒಗೆದು ಇಸ್ತ್ರಿ ಮಾಡಿಸಿಕೊಂಡು ಕೊಡಲು ಬಂದ ದಿನ ದೊಡ್ಡ ಸಿಸ್ಟರ್ ಆ ಹುಡುಗಿಯನ್ನು ನೋಡಿದರು. ಹುಡುಗಿ ತಲೆ ಎತ್ತಲಿಲ್ಲ. "ನಾ ಆವತ್ತ ಸಿಟ್ಟಿನ್ಯಾಗ..." ಎಂದು ಶುರುಮಾಡಿದಳು.

"ಸಿಟ್ಟು ಬರೋ ಮಾತಿಗೆ ಸಿಟ್ಟು ಬರ್ಬೇಕವಾ. ಊಟಾ ಮಾಡೀಯೇನ?" ಎಂದರು ಇವರು. ಅವಳನ್ನು ವಾರ್ಡಿನ ಒಳಗೆ ಕರೆದುಕೊಂಡು ಹೋಗಿ ಯಾವ ಮಂಚದ ಚಕ್ರ ಸಡಿಲ, ಯಾವ ನಲ್ಲಿಯಲ್ಲಿ ನೀರು ತಡವಾಗಿ ಬರುತ್ತದೆ ಎಂದೆಲ್ಲ ತೋರಿಸಿದರು. ಆಮೇಲೆ ಮೂರು ಗಂಟೆಯ ಬಸ್ಸಿಗೆ ಹೋದರು.

ರಾಣೆಬೆನ್ನೂರಿನಲ್ಲಿ ಯಾರೋ ಒಂದು ಖಾಸಗಿ ಆಸ್ಪತ್ರೆಯವರು ಕರೆದಿದ್ದರಂತೆ. ಹೋಗುತ್ತೀರಾ ಎಂದು ಫೋನಿನಲ್ಲಿ ಕೇಳಿದೆ.

"ಬರಂಗಿಲ್ಲ ಅಂದೆ. ದಣಿದೇನಿ ತಂಗಿ" ಎಂದರು. ಆಮೇಲೆ, "ಇಷ್ಟ ವರ್ಷ ದಣಿದೇನಿ ಅನ್ನೋದು ಗೊತ್ತಾಗಿರ್ಲಿಲ್ಲ ನೋಡು. ಕೆಲಸಾ ಬಿಟ್ಟ ಮ್ಯಾಲೆ ಗೊತ್ತಾಗಾಕತ್ತೈತಿ" ಎಂದರು.

ಮುಂದಿನ ವರ್ಷ, ಮಳೆಗಾಲ ಶುರುವಾಗುವ ಮೊದಲು ಅವರು ಹೋದರು. ಬೆಳಿಗ್ಗೆ ಚಹಾ ಕುಡಿದು, ಸ್ವಲ್ಪ ಮಲಗುತ್ತೇನೆ ಎಂದವರು ಏಳಲಿಲ್ಲವಂತೆ. ಸುದ್ದಿ ತಿಳಿದು ನಾನೂ ಆಯಾಳೂ ರಾಣೆಬೆನ್ನೂರಿಗೆ ಹೋದೆವು. ಮನೆಯ ಮುಂದೆ ಓಣಿಯ ಮಂದಿ ನಿಂತಿದ್ದರು. ಒಬ್ಬ ಹೆಂಗಸು ಇನ್ನೊಬ್ಬಾಕೆಗೆ, "ದವಾಖಾನ್ಯಾಗ ಏನೋ ಕೆಲಸಾ ಮಾಡ್ತಿದ್ರಂತ" ಎನ್ನುತ್ತಿದ್ದದ್ದು ಕೇಳಿಸಿತು. ಒಳಗೆ ಹೆಣಕ್ಕೆ ಸ್ನಾನ ಮಾಡಿಸುವ ಹೊತ್ತು. ಹಿರಿಯ ಹೆಂಗಸರು ಇನ್ನೂ ಊರಿಂದ ಬಂದಿರಲಿಲ್ಲ, ಮನೆಯ ಸೊಸೆಯಂದಿರು ಅಂಜಿ ಗೋಡೆಗೆ ನಿಂತಿದ್ದರು. ನಾನು ಆಯಾಳ ಮುಖ ನೋಡಿದೆ. ಇಬ್ಬರೂ ಸೆರಗು ಸಿಕ್ಕಿಸಿಕೊಂಡೆವು.

ಬಿಸಿನೀರಿನ ಕೊಡ ತಂದಿಟ್ಟವರು ತಮ್ಮನ ಹೆಂಡತಿ. ಅವರ ಕಣ್ಣು ಊದಿಕೊಂಡಿದ್ದವು. ನಾವು ತಲೆಯನ್ನು ತೋಳಿನ ಮೇಲೆ ಆನಿಸಿಕೊಂಡು, ಕಿವಿಯಲ್ಲಿ ನೀರು ಹೋಗದ ಹಾಗೆ ಕೈ ಅಡ್ಡ ಹಿಡಿದು ಕೂದಲು ತೊಳೆಯುವುದನ್ನು ನೋಡುತ್ತ ನಿಂತರು.

"ನೀವು ಅಕ್ಕಾರಿಗೆ ಏನಾಗ್ಬೇಕ್ರಿ?" ಎಂದು ಕೇಳಿದರು.

"ಅವರ ಕೈಯಾಗ ಕೆಲಸಾ ಕಲ್ತಾಕಿ ರಿ" ಎಂದೆ.

ಅವರು ಕುಳಿತು, ಒಂದು ತಂಬಿಗೆ ತೆಗೆದುಕೊಂಡು, ನಮ್ಮ ಜೊತೆ ನೀರು ಹಾಕತೊಡಗಿದರು.

ಮಣ್ಣು ಮಾಡುವುದು ಮುಗಿಯುವವರೆಗೆ ನಿಲ್ಲಲಾಗಲಿಲ್ಲ. ನನಗೆ ಸಂಜೆ ಡ್ಯೂಟಿಯಿತ್ತು, ಬದಲಿಗೆ ಯಾರೂ ಇರಲಿಲ್ಲ. ಬ್ಯಾಡಗಿ ಬಸ್ಸಿನಲ್ಲಿ ಇಬ್ಬರೂ ಕಿಟಕಿಗೆ ತಲೆ ಆನಿಸಿಕೊಂಡು ಬಂದೆವು. ಆಸ್ಪತ್ರೆ ತಲುಪಿದಾಗ ಮೇಡ್ಲೇರಿಯ ಹುಡುಗಿ ಒಬ್ಬಳೇ ಇದ್ದಳು. ಒಳಗೆ ಯಾರೋ ನರಳುತ್ತಿದ್ದರು.

"ಮೊದಲ್ನೇ ಹೆರಿಗಿ ರಿ ಸಿಸ್ಟರ್, ಭಾಳ ಅಂಜ್ಯಾಳ" ಎಂದಳು.

ನಾನು ಕೈ ತೊಳೆದುಕೊಂಡು ಒಳಗೆ ಹೋದೆ.